ಎಫ್‌ಐ ಬೈಕ್ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವಂಥದ್ದು) ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟ ಇಳಿಯುವಾಗ ಸೈಲೆನ್ಸರ್ ಪಟಪಟ ಅನ್ನುತ್ತದೆ, ಸ್ಪಾರ್ಕ್ ಪ್ಲಗ್ ಬಿಳಿಚಿಕೊಂಡಿದೆ. ಯಾಕೆ?

ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅಷ್ಟೇ. ಸುಮ್ನೆ ಇಂಜೆಕ್ಟರ್ ಬದಲಿಸಲು ಹೋಗಬೇಡಿ. ಮೊದಲು ಥ್ರಾಟಲ್ ಬಾಡಿಗೂ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಎಂಜಿನ್‌ಗೂ ನಡುವಿನ ರಬ್ಬರ್ ನೋಡಿ. ಬೈಕ್ ಐಡಲ್‌ನಲ್ಲಿ ಬಿಟ್ಟು ಅದರ ಸುತ್ತ ಸ್ವಲ್ಪ ನೀರು ಸ್ಪ್ರೇ ಮಾಡಿ, ಎಂಜಿನ್ ಸದ್ದು ಬದಲಾದರೆ ಗಾಳಿ ಕದ್ದು ನುಗ್ಗುತ್ತಿರುವುದು ಅಲ್ಲೇ. ನನ್ನ ಬೈಕಿನಲ್ಲಿ ಬರೀ ಕ್ಲ್ಯಾಂಪ್ ಸಡಿಲವಾಗಿತ್ತು, ಅದು ಗೊತ್ತಾಗುವಷ್ಟರಲ್ಲಿ ಎರಡು ಪ್ಲಗ್ ಬದಲಿಸಿದ್ದೆ!

ಆಮೇಲೆ ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬೆಂಡ್ ಪೈಪ್. ಕಾರವಾರ, ಕುಮಟಾ ಕಡೆಯ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ ಅಲ್ವಾ, ತೂತಿನಿಂದಲೋ ಸವೆದ ಗ್ಯಾಸ್ಕೆಟ್‌ನಿಂದಲೋ ಗಾಳಿ ಒಳಗೆ ಹೋದರೆ ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್‌ನಲ್ಲೇ ಹತ್ತಿಕೊಂಡು ಪಟಾಕಿ ಹೊಡೆಯುತ್ತದೆ. ಆದರೆ ಸೋರಿಕೆ ಆಕ್ಸಿಜನ್ ಸೆನ್ಸರ್‌ಗಿಂತ (ಹೊಗೆಯಲ್ಲಿನ ಆಮ್ಲಜನಕ ಅಳೆಯುವಂಥದ್ದು) ಮುಂಚೆ ಇದ್ದರೆ ಪೆಟ್ರೋಲ್ ಕಮ್ಮಿ ಇದೆ ಅಂತ ಸೆನ್ಸರ್ ಮೋಸಹೋಗುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಸುತ್ತದೆ, ಆಗ ಪ್ಲಗ್ ಕಪ್ಪಾಗುತ್ತದೆ. ನಿಮ್ಮದು ಬಿಳಿ. ಹಾಗಾಗಿ ನನ್ನ ಅನುಮಾನ ರಬ್ಬರ್ ಮೇಲೆಯೇ.

ಶಿರಸಿ ಕಡೆಗೆ ಘಟ್ಟ ಹತ್ತುವಾಗಲೂ ಎಳೆಯುವುದಿಲ್ಲವಾ? ಹಾಗಿದ್ದರೆ ಬೈಕಿನ ಫ್ಯುಯೆಲ್ ಪಂಪಿನ ಫಿಲ್ಟರ್ ಕಟ್ಟಿರಬಹುದು. ಪೆಟ್ರೋಲ್ ಪ್ರೆಶರ್ ಚೆಕ್ ಮಾಡಿಸಿ, ತುಂಬಾ ಬೈಕುಗಳಲ್ಲಿ ಸುಮಾರು 3 ಬಾರ್ ಇರುತ್ತದೆ, ನಿಮ್ಮದಕ್ಕೆ ಎಷ್ಟು ಅಂತ ಸರ್ವೀಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ.