ಅಕ್ಕೋರೇ, ಆನೆ ಮೇಲೆ ಕೂತರೆ ತಪ್ಪೇನ್ರೀ?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ದಸರಾ ರಜೆಯಲ್ಲಿ ಕೊಡಗಿಗೆ ಹೊರಟಿದ್ದೇವೆ. ಟೂರ್ ಏಜೆಂಟ್ ಒಬ್ಬರು, ಒಂದೇ ದಿನದಲ್ಲಿ ಆನೆ ಸವಾರಿ, ಆನೆ ಜೊತೆ ಸ್ನಾನ, ರಾಫ್ಟಿಂಗ್, ಜಿಪ್‌ಲೈನ್ ಎಲ್ಲ ಮುಗಿಸಿಕೊಡುತ್ತೇನೆ ಎಂದಿದ್ದಾರೆ. 15 ವರ್ಷದ ಮಗ ಕುಣಿಯುತ್ತಿದ್ದಾನೆ. 9 ವರ್ಷದ ಮಗಳು ಮಾತ್ರ "ಆನೆಗೆ ಬೆನ್ನು ನೋಯ್ತದ, ನಾ ಹತ್ತಂಗಿಲ್ಲ" ಎಂದು ಹಟ ಹಿಡಿದಿದ್ದಾಳೆ. ನಮ್ಮ ಮನೆಯವರು "ಮೈಸೂರಿನ ಆನೆ 750 ಕಿಲೋ ಅಂಬಾರಿ ಹೊರ್ತದ, ನಿನ್ನ 25 ಕಿಲೋ ಅದಕ್ಕೇನು ಲೆಕ್ಕ" ಅಂತಾರೆ. ಯಾರ ಮಾತು ಸರಿ?
— ಒಬ್ಬ ತಾಯಿ, ಸೇಡಂ ರಸ್ತೆ, ಕಲಬುರಗಿ

ಉತ್ತರ: ತಂಗಿ, ಮಗಳ ಮಾತು ಸರಿ. ಅದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ನಾನು ವಿಜ್ಞಾನದ ಟೀಚರ್ ಆಗಿದ್ದಾಗ ಒಮ್ಮೆ 40 ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೋಗಿದ್ದೆ. ಒಂದು ಕಡೆ ಆನೆ ಸವಾರಿ ಇತ್ತು. ಒಂದು ಸಲಕ್ಕೆ ನಾಲ್ವರು. ಮಕ್ಕಳದು ಹತ್ತು ಸುತ್ತು, ನಾವು ಟೀಚರ್‌ಗಳು ಹತ್ತಿದ್ದು ಹನ್ನೊಂದನೆಯದು. ಎಲ್ಲ ಮುಗಿದ ಮೇಲೆ ಮಾವುತ ಹಗ್ಗ ಬಿಚ್ಚಿ ಗಾದಿ ಇಳಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಬೆನ್ನಿನ ಮೇಲೆ ಅಂಗೈಯಷ್ಟು ಅಗಲಕ್ಕೆ ಚರ್ಮ ಎದ್ದು ಹೋಗಿತ್ತು. ಒಳಗಿನ ಮಾಂಸ ಗುಲಾಬಿ ಬಣ್ಣಕ್ಕಿತ್ತು, ಸುತ್ತ ನೊಣ. ಅವನು ಒಂದು ಡಬ್ಬಿಯಿಂದ ಅರಿಶಿನ, ಬೇವಿನ ಎಣ್ಣೆ ಕಲಸಿದ್ದನ್ನು ತೆಗೆದು ಮೆಲ್ಲಗೆ ಸವರಿದ. ಆನೆ ಕದಲಲಿಲ್ಲ, ಕಣ್ಣು ಮುಚ್ಚಿಕೊಂಡಿತು. "ಮಾಯೋಕೆ ಬಿಡಲ್ಲ ಮೇಡಂ, ನಾಳೆ ಮತ್ತೆ ಜನ ಬರ್ತಾರೆ" ಎಂದ. ಆ ಮಾತು ಹೇಳುವಾಗ ಅವನ ಮುಖ ನೋಡೋಕೆ ಆಗಲಿಲ್ಲ. ಅವತ್ತಿನಿಂದ ಯಾವ ಮಗುವನ್ನೂ ನಾನು ಆನೆ ಹತ್ತಿಸಿಲ್ಲ.

ಏಷ್ಯಾದ ಆನೆಯ ಬೆನ್ನು ಕಮಾನಿನ ಹಾಗೆ ಮೇಲಕ್ಕೆ ಉಬ್ಬಿರುತ್ತದೆ. ಬೆನ್ನುಮೂಳೆಯ ಒಂದೊಂದು ಮಣಿಯಿಂದಲೂ ಎಲುಬಿನ ಮುಳ್ಳು ಮೇಲಕ್ಕೆ ಎದ್ದಿರುತ್ತದೆ. ಅದರ ಮೇಲೆ ಚರ್ಮವೇ ಹೊದಿಕೆ. ಹಾಗಾಗಿ ಗಾದಿ ಉಜ್ಜಿದರೆ ಮೊದಲು ಏಟು ಬೀಳುವುದು ಅಲ್ಲೇ. ನಿಮ್ಮ ಮಗಳ 25 ಕಿಲೋ ಆನೆಗೆ ಭಾರವಲ್ಲ ನಿಜ. ಆದರೆ ಅವಳ ಹಿಂದೆ ಸಾಲಿನಲ್ಲಿ ಇನ್ನೂ ನೂರು ಜನ ನಿಂತಿರುತ್ತಾರೆ. ನಾಳೆಯೂ, ನಾಡಿದ್ದೂ ನಿಂತಿರುತ್ತಾರೆ.

ಇನ್ನು ಅಂಬಾರಿಯ ಮಾತು. ಅದನ್ನು ಹೊರುವುದು ವರ್ಷಕ್ಕೆ ಒಂದು ದಿನ, ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರ್. 2020ರಿಂದ ಮತ್ತಿಗೋಡು ಶಿಬಿರದ ಅಭಿಮನ್ಯು ಹೊತ್ತಿದ್ದಾನೆ. ಮೆರವಣಿಗೆಗೂ ಮುಂಚೆ ವಾರಗಟ್ಟಲೆ ಮರಳಿನ ಮೂಟೆ ಹೊರಿಸಿ, ಭಾರ ಸ್ವಲ್ಪ ಸ್ವಲ್ಪ ಏರಿಸಿ ತಾಲೀಮು ಮಾಡಿಸುತ್ತಾರೆ. ಬೆನ್ನಿಗೆ ದಪ್ಪ ನಮ್ದಾ ಎಂಬ ಹಾಸು, ಅದರ ಮೇಲೆ ಗಾದಿ, ಆಮೇಲೆ ಅಂಬಾರಿ. ಜೊತೆಗೇ ಪಶುವೈದ್ಯರು ಇರುತ್ತಾರೆ. ದಿನಾ ಜನರನ್ನು ಹೊರುವ ಆನೆಗೂ ಇದಕ್ಕೂ ಹೋಲಿಕೆ ಸರಿಬರುವುದಿಲ್ಲ ಎಂದು ನಿಮ್ಮ ಮನೆಯವರಿಗೆ ಹೇಳಿ. ನನ್ನನ್ನು ಕೇಳಿದರೆ, ಆ ಒಂದು ದಿನದ ಭಾರವೂ ಭಾರವೇ. ಅಂಬಾರಿ ಇಳಿಸಿದರೂ ಆ ಆನೆಗಳ ದುಡಿಮೆ ಮುಗಿಯುವುದಿಲ್ಲ. ಅರ್ಜುನ ಎಂಬ ಆನೆ 2012ರಿಂದ 2019ರವರೆಗೆ ಅಂಬಾರಿ ಹೊತ್ತವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಒಯ್ದಾಗ ಕಾಡಾನೆಯ ಜೊತೆ ಸೆಣಸಿ ಸತ್ತ. ಅವತ್ತು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಹಾಗಂತ ಆನೆ ನೋಡುವುದೇ ಬೇಡ ಎನ್ನುತ್ತಿಲ್ಲ. ಖಂಡಿತ ಹೋಗಿ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಕಾಡಾನೆ ಇಲ್ಲ. ನಮ್ಮ ಮಕ್ಕಳು ಆನೆ ನೋಡುವುದು ಚಿತ್ರದಲ್ಲಿ, ಇಲ್ಲವೇ ಭಿಕ್ಷೆಗೆಂದು ಡಾಂಬರು ರಸ್ತೆಯಲ್ಲಿ ನಡೆಸಿಕೊಂಡು ಬಂದದ್ದನ್ನು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂಬ ಅಂದಾಜು ಬಂತು. ಇಷ್ಟು ಆನೆ ಇರುವ ರಾಜ್ಯದ ಮಗು ಒಂದನ್ನಾದರೂ ಹತ್ತಿರದಿಂದ ನೋಡಬೇಕಲ್ವಾ?

ಕುಶಾಲನಗರದ ಹತ್ತಿರದ ದುಬಾರೆಗೆ ಹೋಗುವುದಾದರೆ ಮುಂಜಾನೆಯೇ ಹೊರಡಿ. ಕಾವೇರಿಯ ಆಚೆ ದಡದಲ್ಲಿ ಶಿಬಿರ, ದೋಣಿಯಲ್ಲಿ ದಾಟಬೇಕು. ಆನೆಗಳ ಸ್ನಾನ, ಊಟ ಬೆಳಗ್ಗೆಯೇ ಮುಗಿಯುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್ ದೂರದ ಸಕ್ರೆಬೈಲು ಆನೆ ಶಿಬಿರದಲ್ಲೂ ಹಾಗೇ. ಹೊತ್ತೇರಿದ ಮೇಲೆ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ರಾತ್ರಿಯೆಲ್ಲ ಕಾಡಿನಲ್ಲೇ. ಕಾಲಿನ ಸರಪಳಿ ಎಳೆದ ಗುರುತು ಹಿಡಿದು ಮುಂಜಾನೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಹುಡುಕಿಕೊಂಡು ಬರುತ್ತಾರೆ. ಸರಪಳಿ ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ, ಒಪ್ಪುತ್ತೇನೆ. ಆದರೂ ಮಧ್ಯಾಹ್ನದ ಮೇಲೆ ಜನರ ಕಣ್ಣಿಂದ ದೂರ ಹೋಗಿ ತನಗೆ ಬೇಕಾದ ಸೊಪ್ಪು ತಿನ್ನುವ ಆನೆ, ದಿನವಿಡೀ ಒಂದೇ ಗೂಟಕ್ಕೆ ಕಟ್ಟಿದ ಆನೆಗಿಂತ ಎಷ್ಟೋ ಸುಖಿ.

ಸ್ನಾನ ಮಾಡಿಸುವುದನ್ನು ದಡದಲ್ಲಿ ನಿಂತು ನೋಡಿ, ನೀರಿಗೆ ಇಳಿಯಬೇಡಿ. ಆನೆಗೆ ಅದು ಹಾಯಾದ ಹೊತ್ತು. ಪೂರ್ತಿ ಮಗ್ಗುಲಾಗಿ ಮಲಗಿ, ಸೊಂಡಿಲಿನ ತುದಿ ಮಾತ್ರ ನೀರ ಮೇಲೆ ಇಟ್ಟುಕೊಂಡು ಉಸಿರಾಡುತ್ತಿರುತ್ತದೆ. ಆ ತುದಿಯಲ್ಲಿ ಬೆರಳಿನ ಹಾಗೆ ಒಂದು ಮೊನೆ ಇರುತ್ತದೆ, ಮಗಳಿಗೆ ತೋರಿಸಿ. ಆಫ್ರಿಕಾದ ಆನೆಗೆ ಅಂಥವು ಎರಡು. ಮಾವುತ ಕಿವಿಯ ಹಿಂದೆ ಉಜ್ಜಿದಾಗ ಕಣ್ಣಿನ ಉದ್ದ ರೆಪ್ಪೆ ಮೆಲ್ಲಗೆ ಮುಚ್ಚುತ್ತದೆ. ಇದನ್ನು ನೋಡಿದ ಮಗು ಸವಾರಿ ತಪ್ಪಿತು ಎಂದು ಅಳುವುದಿಲ್ಲ. ನೀರಿಗೆ ಇಳಿಯದಿರಲು ಇನ್ನೊಂದು ಕಾರಣವೂ ಇದೆ. ಕ್ಷಯ ರೋಗ ಮನುಷ್ಯರಿಂದ ಆನೆಗೆ, ಆನೆಯಿಂದ ಮನುಷ್ಯರಿಗೆ ಹರಡಬಲ್ಲದು. ದೂರ ಇದ್ದರೆ ಇಬ್ಬರಿಗೂ ಒಳ್ಳೆಯದು.

ಯಾವುದಾದರೂ ಆನೆ ನಿಂತಲ್ಲೇ ತಲೆ ಅತ್ತಿತ್ತ ತೂಗುತ್ತಾ, ಒಂದೇ ಸಮನೆ ಕಾಲು ಬದಲಿಸುತ್ತಿದ್ದರೆ ಜನ "ನೋಡ್ರಿ, ಡ್ಯಾನ್ಸ್ ಮಾಡ್ತದ" ಎಂದು ವಿಡಿಯೋ ಮಾಡುತ್ತಾರೆ. ಅದು ಡ್ಯಾನ್ಸ್ ಅಲ್ಲವೇ ಅಲ್ಲ. ಬಹಳ ಕಾಲ ಕಟ್ಟಿಹಾಕಿದ, ನೊಂದ ಆನೆಯ ಲಕ್ಷಣ. ಅಂಥದ್ದು ಕಂಡ ಜಾಗಕ್ಕೆ ದುಡ್ಡು ಕೊಡಬೇಡಿ.

ದಸರಾ ರಜೆಯದ್ದೇ ಒಂದು ತೊಡಕಿದೆ. ಆಗಸ್ಟ್ ಹೊತ್ತಿಗೆ ಗಜಪಯಣ, ಅಂದರೆ ದಸರಾ ಆನೆಗಳ ಮೈಸೂರು ಪಯಣ, ಹೊರಟುಬಿಡುತ್ತದೆ. ಶಿಬಿರದ ದೊಡ್ಡ ಆನೆಗಳಲ್ಲಿ ಹಲವು ದಸರಾ ಮುಗಿಯುವವರೆಗೂ ಮೈಸೂರಿನಲ್ಲೇ ಇರುತ್ತವೆ. ಜನರ ನೂಕುನುಗ್ಗಲೂ ಜಾಸ್ತಿ. ಹದಿನೈದು ದಿನ ಮುಂದೆ ಹಾಕಲು ಆದರೆ ಹಾಕಿ.

ಮಗನ ರಾಫ್ಟಿಂಗನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ದುಬಾರೆಯ ಹತ್ತಿರ ರಾಫ್ಟಿಂಗಿಗೆ ಮಳೆಗಾಲದ ನೀರೇ ಆಧಾರ. ಅಕ್ಟೋಬರ್ ಕಳೆದಂತೆ ಹರಿವು ಇಳಿಯುತ್ತದೆ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಹೊಳೆ ಉಕ್ಕಿದಾಗ ದೋಣಿ, ರಾಫ್ಟಿಂಗ್ ಎರಡನ್ನೂ ನಿಲ್ಲಿಸುತ್ತಾರೆ, ಆಗ ಯಾರನ್ನೂ ಒತ್ತಾಯ ಮಾಡಬೇಡಿ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ನೀವೇ ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಗಲ್ಲದವರೆಗೆ ಬಂದರೆ ಸಡಿಲ ಇದೆ ಎಂದರ್ಥ, ಬಿಚ್ಚಿ ಚಿಕ್ಕದು ಕೇಳಿ. ಹೆಲ್ಮೆಟ್ ಇಲ್ಲದ ರಾಫ್ಟ್ ಹತ್ತಿಸಬೇಡಿ. ಮಗಳು ದಡದಲ್ಲಿ ನಿಮ್ಮ ಜೊತೆ ಇರಲಿ. ಆ ವಯಸ್ಸಿನವರನ್ನು ರಭಸದ ನೀರಿಗೆ ಕಳಿಸುವುದು ನನಗಂತೂ ಒಪ್ಪಿಗೆ ಇಲ್ಲ. ಜಿಪ್‌ಲೈನನ್ನು ಪಟ್ಟಿಯಿಂದ ತೆಗೆದುಹಾಕಿ, ಒಂದು ದಿನಕ್ಕೆ ಇಷ್ಟು ಸಾಕು.

ನಮ್ಮ ಊರಿನಿಂದ ಸೋಲಾಪುರ–ಹಾಸನ ರೈಲು ಇದೆ. ಹಾಸನದಲ್ಲಿ ಇಳಿದು ಅವತ್ತು ರಾತ್ರಿ ಕುಶಾಲನಗರದಲ್ಲಿ ಉಳಿದರೆ ಮರುದಿನ ಇಡೀ ಹಗಲು ನಿಮ್ಮದು. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಆದರೆ ಆನೆಗೆ ಏನೂ ಕೊಡಬೇಡಿ. ಅವಕ್ಕೆ ಶಿಬಿರದಲ್ಲೇ ಬೇಯಿಸಿದ ರಾಗಿ ಮುದ್ದೆ, ಹುರುಳಿ, ಬೆಲ್ಲ ಇರುತ್ತದೆ.

ಪ್ರಶ್ನೆ: ಮಗ ಹೈದರಾಬಾದಿನಲ್ಲಿದ್ದಾನೆ. ನಮ್ಮಿಬ್ಬರನ್ನೂ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಕರೆದೊಯ್ಯುತ್ತಾನಂತೆ. ಅಲ್ಲಿ ಒಂದೇ ದಿನದಲ್ಲಿ ಆನೆ ಆಶ್ರಯಧಾಮ, ಜಿಪ್‌ಲೈನ್, ರಾಫ್ಟಿಂಗ್ ಇದೆ, ಆನೆಗೆ ಹಿಂಸೆ ಇಲ್ಲ ಎಂದು ಬರೆದಿದ್ದಾರೆ. ನಂಬಬಹುದೇ? ನನಗೆ 63, ಬಿ.ಪಿ. ಇದೆ.
— ನಿವೃತ್ತ ನೌಕರರು, ಬೀದರ

ಉತ್ತರ: ಅಣ್ಣಾರೆ, ಹೆಸರು ನೋಡಿ ನಂಬಬೇಡಿ. ಥಾಯ್ಲೆಂಡಿನಲ್ಲಿ ಮೊದಲು ಆನೆಗಳು ಕಾಡಿನಲ್ಲಿ ಮರದ ದಿಮ್ಮಿ ಎಳೆಯುತ್ತಿದ್ದವು. 1989ರಲ್ಲಿ ಸರ್ಕಾರ ಮರ ಕಡಿಯುವುದನ್ನು ನಿಷೇಧಿಸಿತು. ಆನೆಗೂ ಮಾವುತನಿಗೂ ಕೆಲಸ ಹೋಯಿತು. ಆಮೇಲೆ ಅನೇಕ ಆನೆಗಳು ಪ್ರವಾಸಿಗರ ಕಡೆಗೆ ಬಂದವು, ಸವಾರಿ, ಚಿತ್ರ ಬಿಡಿಸುವುದು, ಚೆಂಡು ಒದೆಯುವುದು ಶುರುವಾಯಿತು. ಇತ್ತೀಚೆಗೆ ಜನ ಸವಾರಿ ಬೇಡ ಎನ್ನತೊಡಗಿದ ಮೇಲೆ "ಆಶ್ರಯಧಾಮ" ಎಂಬ ಬೋರ್ಡು ಎಲ್ಲೆಲ್ಲೂ ಎದ್ದಿದೆ. ಕೆಲವು ನಿಜವಾದವೇ. ಮೇ ತೇಂಗ್ ಕಣಿವೆಯ ಎಲಿಫೆಂಟ್ ನೇಚರ್ ಪಾರ್ಕ್ ಅಂಥದ್ದು. ಲೆಕ್ ಎಂದು ಎಲ್ಲರೂ ಕರೆಯುವ ಸಾಂಗ್‌ಡುವನ್ ಚೈಲರ್ಟ್ ಎಂಬ ಹೆಣ್ಣುಮಗಳು ಕಟ್ಟಿದ್ದು, ಸವಾರಿ ಇಲ್ಲ, ಆಟ ಇಲ್ಲ.

ಬುಕ್ ಮಾಡುವ ಮುಂಚೆ ಮಗನಿಗೆ ಹೇಳಿ ಒಂದೇ ಪ್ರಶ್ನೆ ಕೇಳಿಸಿ: ಆನೆಗೆ ನಮ್ಮ ಹತ್ತಿರ ಬರುವ ಮನಸ್ಸಿಲ್ಲದಿದ್ದರೆ ಏನು ಮಾಡುತ್ತೀರಿ? "ದೂರದಿಂದಲೇ ನೋಡಿ ಬರುತ್ತೀರಿ" ಎಂದರೆ ಹೋಗಿ. "ಖಂಡಿತ ಮುಟ್ಟಿಸುತ್ತೇವೆ, ಫೋಟೋ ಗ್ಯಾರಂಟಿ" ಎಂದರೆ ಬಿಡಿ. ಹಾಗೆ ಗ್ಯಾರಂಟಿ ಕೊಡಬೇಕಾದರೆ ಅಂಕುಶವೋ ಸರಪಳಿಯೋ ಹಿಂದೆ ಇದ್ದೇ ಇರುತ್ತದೆ.

ಬಿ.ಪಿ. ಇರುವಾಗ ಜಿಪ್‌ಲೈನ್, ರಾಫ್ಟಿಂಗ್ ಎರಡಕ್ಕೂ ಡಾಕ್ಟರನ್ನು ಕೇಳದೆ ಹೂಂ ಅನ್ನಬೇಡಿ. ಜುಲೈಯಿಂದ ಅಕ್ಟೋಬರ್‌ವರೆಗೆ ಅಲ್ಲಿನ ಹೊಳೆ ಜೋರು. ಮಾರ್ಚ್, ಏಪ್ರಿಲ್‌ನಲ್ಲಿ ಹೊಲ, ಕಾಡು ಸುಡುವ ಹೊಗೆ ಊರನ್ನೇ ಮುಚ್ಚುತ್ತದೆ, ಉಸಿರಿಗೆ ತೊಂದರೆ. ನವೆಂಬರ್ ಕೊನೆಯಿಂದ ಜನವರಿವರೆಗೆ ಹೋಗಿ. ಮಗ ಹೊಳೆಯಲ್ಲಿ ಆಡಲಿ, ನೀವಿಬ್ಬರೂ ಅಷ್ಟು ಹೊತ್ತು ಆನೆ ಮೇಯುವುದನ್ನು ನೋಡುತ್ತಾ ಕೂತಿರಿ.

ಪ್ರಶ್ನೆ: ಅಕ್ಕೋರೇ, ನಾನು ಪಿಯುಸಿ, ಸೈನ್ಸ್. ಕೊಡಗಿಗೆ ಹೋಗುವಷ್ಟು ರೊಕ್ಕ ಇಲ್ಲ. ಬೆಟ್ಟ ಹತ್ತುವುದು ಅಂದರೆ ಪ್ರಾಣ, ಆನೆ ಅಂದರೂ ಪ್ರಾಣ. ಏನು ಮಾಡಲಿ?
— ವಿದ್ಯಾರ್ಥಿ, ಯಾದಗಿರಿ

ಉತ್ತರ: ತಮ್ಮಾ, ಬೆಟ್ಟ ನಿನ್ನ ಮನೆ ಮುಂದೇ ಇದೆ. ಯಾದಗಿರಿ ಕೋಟೆಯನ್ನು ಸೂರ್ಯ ಹುಟ್ಟುವ ಮುಂಚೆ ಹತ್ತಲು ಶುರುಮಾಡು, ಒಂಬತ್ತರೊಳಗೆ ಇಳಿದುಬಿಡು. ಆಮೇಲೆ ಆ ಬಂಡೆ ಹಂಚಿನ ಹಾಗೆ ಕಾಯುತ್ತದೆ. ಎರಡು ಲೀಟರ್ ನೀರು, ಜೊತೆಗೆ ಒಬ್ಬ ಗೆಳೆಯ ಇರಲಿ. ಮಳೆ ಮುಗಿದ ಮೇಲೆ ಚಿಂಚೋಳಿ ಕಾಡಿಗೆ ಹೋಗಿ ಬಾ. 2011ರಲ್ಲಿ ವನ್ಯಧಾಮ ಆಗಿದೆ, ಚಂದ್ರಂಪಳ್ಳಿ ಕೆರೆಯ ಸುತ್ತಿನ ಗುಡ್ಡ ಬಹಳ ಚೆಂದ. ಒಳಗೆ ನಡೆಯುವ ಮುಂಚೆ ಅರಣ್ಯ ಇಲಾಖೆಯವರ ಅನುಮತಿ ಕೇಳು.

ಆನೆಯ ಆಸೆಗೆ ನನ್ನ ಹತ್ತಿರ ಬೇರೆ ಉತ್ತರ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲೇ, ನಂದಿನಗರದಲ್ಲಿ. ನಿನ್ನ ಪಿಯುಸಿಯಲ್ಲಿ ಬಯಾಲಜಿ ಇದೆ ತಾನೇ? ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಅಂಗಾಲು ಒಡೆದ ಆನೆ, ಗಾದಿ ಉಜ್ಜಿ ಬೆನ್ನು ಹುಣ್ಣಾದ ಆನೆ, ಹರ್ಪಿಸ್ ರೋಗ ಬಂದ ಮರಿ, ಇವನ್ನೆಲ್ಲ ನೋಡಲು ಡಾಕ್ಟರು ಬೇಕು. ಅವತ್ತು ನಾನು ನೋಡಿದ ಆನೆಗೆ ಸಿಕ್ಕಿದ್ದು ಡಬ್ಬಿಯಲ್ಲಿದ್ದ ಅರಿಶಿನ ಒಂದೇ. ಮುಂದಿನ ಪತ್ರದಲ್ಲಿ ನಿನ್ನ ಪಿಯುಸಿ ಅಂಕ ಬರೆದು ಕಳಿಸು, ಅರ್ಜಿ ಹಾಕುವುದು ಹೇಗೆ ಎಂದು ಕೂತು ಮಾತಾಡೋಣ.