ಎಪಿಸ್ಕೋಪಲ್ ಚರ್ಚಿನ ತೋಟದಲ್ಲಿ ಪಾತಿ ಪಡೆಯುವವರಿಗೆ: ತಮ್ಮ ಪ್ರಶ್ನೆಗೆ ಉತ್ತರ

ನಮಸ್ಕಾರ. ಮೇರಿಲ್ಯಾಂಡಿನಲ್ಲಿ ತಾವು ಹೊಸದಾಗಿ ಮನೆ ಮಾಡಿರುವ ಬೀದಿಯ ಕೊನೆಯ ಎಪಿಸ್ಕೋಪಲ್ ಚರ್ಚು ನೆರೆಹೊರೆಯವರಿಗೆ ತೋಟದ ಪಾತಿಗಳನ್ನು ಕೊಡುತ್ತಿದೆಯೆಂದೂ, ಅದರ ಫಲಕದಲ್ಲಿ ಪ್ಯಾನ್‌ಕೇಕ್ ಊಟ, ಬೂದಿ ಬುಧವಾರ, ರೊಗೇಷನ್ ಭಾನುವಾರ, ಸಸಿಗಳ ಮಾರಾಟ, ಪ್ರಾಣಿಗಳ ಆಶೀರ್ವಾದ ಎಂದು ಮುಂದಿನ ಕಾರ್ಯಕ್ರಮಗಳ ಸಾಲೇ ಇದೆಯೆಂದೂ ಬರೆದಿದ್ದೀರಿ. ಕ್ರೈಸ್ತರಲ್ಲದ ನಾವು ಅಲ್ಲಿ ಪಾತಿ ಕೇಳಬಹುದೇ, ಕೇಳಿದರೆ ಇವುಗಳಿಗೆಲ್ಲ ಹೋಗಲೇಬೇಕೇ, ಹೋದಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾವ ತರಕಾರಿ ಹಾಕಬೇಕು ಎಂಬುದು ತಮ್ಮ ಪ್ರಶ್ನೆ. ನಾನು ಕರಾವಳಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ ಬೆಳೆದವಳು, ಇಲ್ಲಿಗೆ ಬಂದ ಮೇಲೆ ವಾಷಿಂಗ್ಟನ್ ಆಸುಪಾಸಿನ ಒಂದು ಎಪಿಸ್ಕೋಪಲ್ ಪ್ಯಾರಿಷ್ (ಅಂದರೆ ಸ್ಥಳೀಯ ಸಭೆ) ಸೇರಿ ಅದರ ತೋಟದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಪಾತಿಯನ್ನು ಖಂಡಿತ ಕೇಳಿ. ಆದರೆ ದುಡ್ಡು ಕಟ್ಟಿ ಪಡೆದ ಬಾಡಿಗೆ ಜಾಗವೆಂದು ಅದನ್ನು ಎಣಿಸಬೇಡಿ. ಇಂತಹ ತೋಟಗಳಲ್ಲಿ ಬಹಳಷ್ಟು ಆ ಸಭೆಯ ವರ್ಷಪೂರ್ತಿಯ ಬದುಕಿಗೆ ಹೊಂದಿಕೊಂಡೇ ನಡೆಯುತ್ತವೆ. ಯಾವ ವಾರ ಅಲ್ಲಿ ಏನು ನಡೆಯುತ್ತದೆಂದು ತಿಳಿದವರಿಗೆ ತೋಟದ ಕೆಲಸವೂ ಹಗುರ, ಒಡನಾಟವೂ ಸುಲಭ.

ಎಪಿಸ್ಕೋಪಲ್ ಚರ್ಚೆಂದರೆ ಇಂಗ್ಲೆಂಡಿನ ಆಂಗ್ಲಿಕನ್ ಪರಂಪರೆಯ ಅಮೆರಿಕದ ಶಾಖೆ. ಅಮೆರಿಕ ಸ್ವತಂತ್ರವಾದ ಮೇಲೆ 1789ರಲ್ಲಿ ಅದು ತನ್ನದೇ ಆದ ಆಡಳಿತವನ್ನೂ ಪ್ರಾರ್ಥನಾ ಪುಸ್ತಕವನ್ನೂ ರೂಪಿಸಿಕೊಂಡಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದಾಗಿ ಹುಟ್ಟಿದ ನಮ್ಮ ಸಿ.ಎಸ್.ಐ. ಕೂಡ ಇಂದು ಇದೇ ಆಂಗ್ಲಿಕನ್ ಬಳಗದಲ್ಲಿದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ನೋಡಿದವರಿಗೆ ಇಲ್ಲಿಯ ಆರಾಧನೆಯ ಕ್ರಮ ಪೂರ್ತಿ ಹೊಸದೆನಿಸದು. ಇಲ್ಲಿ 1976ರ ಮಹಾಸಭೆಯ ನಿರ್ಣಯದಿಂದ ಮಹಿಳೆಯರೂ ಪಾದ್ರಿಗಳಾಗುತ್ತಿದ್ದಾರೆ. ತಮ್ಮ ಚರ್ಚಿನಲ್ಲಿ ಪಾದ್ರಿ ಮಹಿಳೆಯಾಗಿದ್ದರೆ ಅವರನ್ನು ಏನೆಂದು ಕರೆಯಬೇಕೆಂದು ಅವರನ್ನೇ ಕೇಳಿ. ಕೆಲವರು ಮದರ್ ಎಂದರೆ ಒಪ್ಪುತ್ತಾರೆ, ಕೆಲವರಿಗೆ ಹೆಸರು ಹಿಡಿದು ಕರೆದರೇ ಇಷ್ಟ.

ಪಾತಿಯ ವಿಷಯವನ್ನು ಯಾರಲ್ಲಿ ಮಾತಾಡಬೇಕೆಂಬುದು ಮುಖ್ಯ. ಪ್ಯಾರಿಷ್‌ನ ಮುಖ್ಯ ಪಾದ್ರಿಯನ್ನು ರೆಕ್ಟರ್ ಎನ್ನುತ್ತಾರೆ. ಆದರೆ ಕಟ್ಟಡ, ಜಮೀನು, ಹಣದ ವಿಚಾರವನ್ನು ನೋಡಿಕೊಳ್ಳುವುದು ಸದಸ್ಯರು ತಮ್ಮೊಳಗಿಂದ ಆರಿಸಿದ ವೆಸ್ಟ್ರಿ ಎಂಬ ಮಂಡಳಿ. ಅದರಲ್ಲಿ ಇಬ್ಬರು ವಾರ್ಡನ್‌ಗಳಿರುತ್ತಾರೆ; ಕಟ್ಟಡ ಮತ್ತು ಹೊರಾಂಗಣದ ಹೊಣೆ ಹೆಚ್ಚಾಗಿ ಜೂನಿಯರ್ ವಾರ್ಡನ್‌ರದು. ನೀರಿನ ನಲ್ಲಿ ಯಾವಾಗ ತೆರೆಯುತ್ತದೆ, ಜಿಂಕೆ ಬಾರದಂತೆ ಬೇಲಿ ಹಾಕಬಹುದೇ, ಶೆಡ್ಡಿನ ಬೀಗದ ಸಂಖ್ಯೆ ಏನು ಎಂಬುದಕ್ಕೆಲ್ಲ ಉತ್ತರ ಸಿಗುವುದು ಅವರಲ್ಲೇ. ವೆಸ್ಟ್ರಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಮಾತ್ರ ಸೇರುವುದರಿಂದ, ಬೇಲಿ ಅಥವಾ ಚಪ್ಪರದಂತಹ ಅನುಮತಿ ಬೇಕಾದ ಕೆಲಸವಿದ್ದರೆ ಈಗಲೇ, ಫೆಬ್ರವರಿಯಲ್ಲೇ ಬರೆದು ಕೇಳಿ. ಏಪ್ರಿಲ್‌ನಲ್ಲಿ ಕೇಳಿದರೆ ಒಪ್ಪಿಗೆ ಬರುವಷ್ಟರಲ್ಲಿ ಬಿತ್ತನೆಯ ಹದ ಮೀರಿರುತ್ತದೆ.

ಜಾಗದ ಬಗ್ಗೆ ಎರಡು ಎಚ್ಚರಿಕೆಗಳಿವೆ. ಈ ದೇಶದಲ್ಲಿ ಮನೆಗಳಿಗೆ ಸೀಸವಿರುವ ಬಣ್ಣ ಬಳಿಯುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಕಟ್ಟಡಗಳ ಗೋಡೆಯ ಬುಡದಲ್ಲಿ, ಸೂರಿನ ನೀರು ಬೀಳುವ ಅಂಚಿನಲ್ಲಿ, ಉದುರಿದ ಬಣ್ಣದ ಸೀಸ ಮಣ್ಣಿನಲ್ಲಿ ಉಳಿದಿರಬಹುದು. ತಮ್ಮ ಪಾತಿ ಗೋಡೆಗೆ ಹತ್ತಿರವಾಗಿದ್ದರೆ ಮಣ್ಣನ್ನು ಸೀಸಕ್ಕಾಗಿಯೇ ಪರೀಕ್ಷೆ ಮಾಡಿಸಿ. ಸಾಮಾನ್ಯ ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲವಾದ್ದರಿಂದ ಬೇರೆಯಾಗಿ ಕೇಳಬೇಕಾಗಬಹುದು. ಸಂಶಯವಿದ್ದರೆ ಹೊಸ ಮಣ್ಣು ತುಂಬಿದ ಏರುಮಡಿಯಲ್ಲೇ ಬೆಳೆಯಿರಿ. ಸೊಪ್ಪು ಮತ್ತು ಗೆಡ್ಡೆಯ ಬೆಳೆಗಳಿಗಂತೂ ಇದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಎರಡನೆಯದು, ಹಲವು ಎಪಿಸ್ಕೋಪಲ್ ಚರ್ಚುಗಳ ಅಂಗಳದಲ್ಲಿ ಸ್ಮಾರಕ ತೋಟವಿರುತ್ತದೆ. ತೀರಿಕೊಂಡವರ ಬೂದಿಯನ್ನು ಅಲ್ಲಿಯ ಮಣ್ಣಿನಲ್ಲೇ ಇಟ್ಟಿರುತ್ತಾರೆ. ಕಲ್ಲು, ಫಲಕ ಏನೂ ಇಲ್ಲದೆ ಬರೀ ಹೂಗಿಡಗಳ ಅಂಚಿನಂತೆ ಕಾಣುವುದೂ ಉಂಟು. ಅಲ್ಲಿ ಕಳೆ ಕೀಳಲೂ ಕೇಳದೆ ಕೈಹಾಕಬಾರದು. ಮೊದಲ ದಿನವೇ ಯಾರಾದರೊಬ್ಬರ ಜೊತೆ ಜಮೀನನ್ನು ಒಂದು ಸುತ್ತು ನಡೆದು ಗಡಿಗಳನ್ನು ತಿಳಿದುಕೊಳ್ಳಿ.

ಇನ್ನು ಫಲಕದಲ್ಲಿರುವ ಕಾರ್ಯಕ್ರಮಗಳು. ಈ ವರ್ಷ, ಅಂದರೆ 2026ರಲ್ಲಿ, ಈಸ್ಟರ್ ಏಪ್ರಿಲ್ 5ಕ್ಕೆ ಬರುವುದರಿಂದ ಉಳಿದ ದಿನಗಳೂ ಅದಕ್ಕೆ ತಕ್ಕಂತೆ ಬೀಳುತ್ತವೆ. ಪ್ಯಾನ್‌ಕೇಕ್ ಊಟ ಫೆಬ್ರವರಿ 17ರ ಮಂಗಳವಾರ ಸಂಜೆ. ಲೆಂಟ್ ಎಂಬ ನಲವತ್ತು ದಿನಗಳ ವ್ರತಕಾಲಕ್ಕೆ ಮುನ್ನ ಮನೆಯಲ್ಲಿರುವ ಮೊಟ್ಟೆ, ಬೆಣ್ಣೆ, ಹಾಲನ್ನು ಬಳಸಿ ಮುಗಿಸುತ್ತಿದ್ದ ಹಳೆಯ ರೂಢಿ ಅದು. ಊರವರ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ. ಪ್ರಾರ್ಥನೆಯೂ ಚಿಕ್ಕದು, ಮಕ್ಕಳ ಗಲಾಟೆಗೂ ಅಡ್ಡಿಯಿಲ್ಲ. ತಾವು ಸಸ್ಯಾಹಾರಿಗಳಾದರೆ, ಪ್ಯಾನ್‌ಕೇಕನ್ನೂ ಹಂದಿಮಾಂಸದ ಸಾಸೇಜನ್ನೂ ಒಂದೇ ಕಾವಲಿಯ ಮೇಲೆ ಬೇಯಿಸುವುದುಂಟೆಂಬುದನ್ನು ನೆನಪಿಡಿ. ಮುಂಚಿತವಾಗಿ ಒಂದು ಮಾತು ಹೇಳಿದರೆ ಬೇರೆ ಕಾವಲಿ ಇಡುತ್ತಾರೆ. ಮರುದಿನ ಬೂದಿ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರದ (ಈಸ್ಟರ್‌ಗೆ ಮುಂಚಿನ ಭಾನುವಾರ) ಗರಿಗಳನ್ನು ಸುಟ್ಟ ಬೂದಿಯಿಂದ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಅದು ಪಶ್ಚಾತ್ತಾಪದ ಗಂಭೀರ ಆರಾಧನೆ. ಬರೀ ಕುತೂಹಲದಿಂದ ಹೋಗುವಂಥದ್ದಲ್ಲ.

ಲೆಂಟ್ ಕಾಲದಲ್ಲಿ ಅನೇಕ ಚರ್ಚುಗಳು ವೇದಿಕೆಯ ಮೇಲೆ ಹೂವಿಡುವುದಿಲ್ಲ. ಹಾಗಾಗಿ ತೋಟದ ಹೂ ತಂದುಕೊಡಬೇಕೆಂಬ ಆಸೆಯಿದ್ದರೆ ಈಸ್ಟರ್‌ವರೆಗೆ ತಡೆಯಿರಿ. ಅಂದು ಕೆಲವು ಚರ್ಚುಗಳಲ್ಲಿ ತಂತಿಬಲೆ ಸುತ್ತಿದ ಮರದ ಶಿಲುಬೆಯನ್ನು ಬಾಗಿಲಲ್ಲಿ ನಿಲ್ಲಿಸಿರುತ್ತಾರೆ. ಮಕ್ಕಳು ಒಂದೊಂದಾಗಿ ಹೂಗಳನ್ನು ಅದಕ್ಕೆ ಸಿಕ್ಕಿಸುತ್ತ ಹೋದಂತೆ ತಂತಿಯೂ ಮರವೂ ಕಾಣದೆ ಬರೀ ಹೂವೇ ನಿಲ್ಲುತ್ತದೆ. ಏಪ್ರಿಲ್ ಮೊದಲ ವಾರ ಈ ಕಡೆ ಡ್ಯಾಫೊಡಿಲ್, ಫಾರ್ಸಿಥಿಯಾ ಅರಳಿರುತ್ತವೆ. ತೊಟ್ಟು ಒಂದು ಗೇಣಾದರೂ ಇರುವಂತೆ ಕತ್ತರಿಸಿ ಒಯ್ಯಿರಿ, ಗಿಡ್ಡ ತೊಟ್ಟು ಬಲೆಯಲ್ಲಿ ನಿಲ್ಲುವುದಿಲ್ಲ. ಹಬ್ಬ ಮುಗಿದ ಮೇಲೆ ವೇದಿಕೆಯ ಸುತ್ತಲಿದ್ದ ಬಿಳಿ ಲಿಲ್ಲಿಯ ಕುಂಡಗಳನ್ನು ಬೇಕೆಂದವರಿಗೆ ಕೊಡುವುದುಂಟು. ಹೂ ಬಾಡಿದ ಮೇಲೆ ಅವುಗಳನ್ನು ನೆಲದಲ್ಲಿ ನಟ್ಟರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಅರಳಬಹುದು. ಆದರೆ ಮನೆಯಲ್ಲಿ ಬೆಕ್ಕಿದ್ದರೆ ಆ ಕುಂಡವನ್ನು ಒಳಗೆ ತರಲೇಬೇಡಿ. ಎಲೆಯನ್ನು ಸ್ವಲ್ಪ ಅಗಿದರೂ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೇ ಅಪಾಯವಾಗುತ್ತದೆ.

ನಮ್ಮಂತಹ ತೋಟದವರಿಗೆ ನಿಜವಾಗಿ ಸೇರಿದ ದಿನವೆಂದರೆ ರೊಗೇಷನ್ ಭಾನುವಾರ. ಈಸ್ಟರ್ ಕಾಲದ ಆರನೆಯ ಭಾನುವಾರ ಅದು. ಈ ವರ್ಷ ಮೇ 10, ಅಮೆರಿಕದ ತಾಯಂದಿರ ದಿನವೂ ಅಂದೇ. ಅದಾದ ಮೇಲಿನ ಸೋಮವಾರ, ಮಂಗಳವಾರ, ಬುಧವಾರ ಬೆಳೆಗಾಗಿ ಬೇಡಿಕೊಳ್ಳುವ ದಿನಗಳು, ಗುರುವಾರ ಸ್ವರ್ಗಾರೋಹಣದ ಹಬ್ಬ. 5ನೆಯ ಶತಮಾನದಲ್ಲಿ, ಈಗಿನ ಫ್ರಾನ್ಸಿನ ವಿಯೆನ್ ಪಟ್ಟಣ ಒಂದರ ಮೇಲೊಂದು ಆಪತ್ತಿಗೆ ಸಿಲುಕಿದಾಗ, ಅಲ್ಲಿಯ ಬಿಷಪ್ ಮಾಮೆರ್ಟಸ್ ಜನರನ್ನು ಕೂಡಿಸಿಕೊಂಡು ಪ್ರಾರ್ಥಿಸುತ್ತ ಮೆರವಣಿಗೆ ನಡೆಸಿದ್ದು ಇದರ ಆರಂಭ. ಇಂಗ್ಲೆಂಡಿಗೆ ಹೋದಾಗ ಅದು ಹೊಲಗಳನ್ನು ಹರಸುತ್ತ ಊರಿನ ಗಡಿಯನ್ನು ಸುತ್ತುವ ಪದ್ಧತಿಯಾಯಿತು. ನಕ್ಷೆಗಳು ಅಪರೂಪವಾಗಿದ್ದ ಕಾಲದಲ್ಲಿ ಗಡಿಕಲ್ಲುಗಳು ಎಳೆಯರ ನೆನಪಿನಲ್ಲಿ ಉಳಿಯುತ್ತಿದ್ದುದು ಹೀಗೆಯೇ. ಇಲ್ಲಿ ಈಗ ಬಳಕೆಯಲ್ಲಿರುವ 1979ರ ಪ್ರಾರ್ಥನಾ ಪುಸ್ತಕದಲ್ಲಿ ಈ ದಿನಗಳಿಗೆ ಮೂರು ಪ್ರಾರ್ಥನೆಗಳಿವೆ: ಒಂದು ಫಲವತ್ತಾದ ಋತುಗಳಿಗಾಗಿ, ಒಂದು ವ್ಯಾಪಾರ ಮತ್ತು ಕೈಗಾರಿಕೆಗಾಗಿ, ಮತ್ತೊಂದು ಸೃಷ್ಟಿಯನ್ನು ಜೋಪಾನ ಮಾಡುವ ಮನಸ್ಸಿಗಾಗಿ. ಮಂಗಳೂರಿನ ಕಥೋಲಿಕರ ತೆನೆ ಹಬ್ಬ, ನಮ್ಮ ಸಭೆಗಳ ಬೆಳೆ ಹಬ್ಬ ಕೊಯ್ದ ಮೇಲೆ ಸಲ್ಲಿಸುವ ಕೃತಜ್ಞತೆಯಾದರೆ, ಇದು ಬಿತ್ತುವ ಹೊತ್ತಿನಲ್ಲೇ ಮಾಡುವ ಬೇಡಿಕೆ. ಮಣ್ಣಿನಲ್ಲಿ ಕೈಯಿಟ್ಟವರೆಲ್ಲರಿಗೂ ಇದು ಸಲ್ಲಬೇಕಾದ ದಿನವೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ನಮ್ಮಲ್ಲಿ ಅಂದು ಆರಾಧನೆ ಮುಗಿದೊಡನೆ ಶಿಲುಬೆ ಹಿಡಿದವರು ಮುಂದೆ, ಬಿಳಿ ನಿಲುವಂಗಿಯ ಪಾದ್ರಿ ಹಿಂದೆ, ಉಳಿದವರೆಲ್ಲ ಹಾಡುತ್ತ ತೋಟದ ಕಡೆಗೆ ನಡೆಯುತ್ತೇವೆ. ಒಂದೊಂದು ಪಾತಿಯ ಮುಂದೆ ನಿಂತು ಪ್ರಾರ್ಥಿಸಿ, ಬಟ್ಟಲಿನ ನೀರಿನಲ್ಲಿ ರೋಸ್‌ಮೇರಿಯ ರೆಂಬೆಯನ್ನು ಅದ್ದಿ ಮಣ್ಣಿನ ಮೇಲೆ, ಸಸಿಗಳ ಮೇಲೆ, ಗುದ್ದಲಿ ಸಲಿಕೆಗಳ ಮೇಲೆ, ನಿಂತವರ ತಲೆಯ ಮೇಲೂ ಚಿಮುಕಿಸುತ್ತಾರೆ. ತಾವು ನಾಟಿಗೆ ಸಿದ್ಧವಾದ ಸಸಿಗಳನ್ನೂ ಬೀಜದ ಪೊಟ್ಟಣಗಳನ್ನೂ ಒಯ್ಯಬಹುದು. ಪೊಟ್ಟಣಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಕಾಗದ ಒದ್ದೆಯಾದರೆ ಉಳಿದ ಬೀಜ ಬೂಷ್ಟು ಹಿಡಿಯುತ್ತದೆ. ಸಸಿಗಳ ಮಾರಾಟವನ್ನೂ ಹೆಚ್ಚಾಗಿ ಇದರ ಆಸುಪಾಸಿನಲ್ಲೇ ಇಡುತ್ತಾರೆ. ವಾಷಿಂಗ್ಟನ್ ನ್ಯಾಷನಲ್ ಕ್ಯಾಥೆಡ್ರಲ್ಲೂ ಎಪಿಸ್ಕೋಪಲ್ ಚರ್ಚೇ. ಅದರ ಅಂಗಳದಲ್ಲಿ 1939ರಲ್ಲಿ ಶುರುವಾದ ಫ್ಲವರ್ ಮಾರ್ಟ್ ಸಾಮಾನ್ಯವಾಗಿ ಮೇ ತಿಂಗಳ ಆರಂಭದಲ್ಲಿ ನಡೆಯುತ್ತದೆ. ಒಮ್ಮೆ ಹೋಗಿ ಅಲ್ಲಿಯ ಬಿಷಪ್ಸ್ ಗಾರ್ಡನ್‌ನ ಮೂಲಿಕೆಗಳನ್ನು ನೋಡಿ ಬನ್ನಿ.

ಭಾನುವಾರದ ಆರಾಧನೆಗೆ ಹೋಗಲೇಬೇಕೆಂಬ ಕಟ್ಟುಪಾಡು ಪಾತಿಯವರಿಗೆ ಇರುವುದಿಲ್ಲ. ಹೋದರೆ ಚಪ್ಪಲಿ ಬಿಡಬೇಕಿಲ್ಲ, ತಲೆ ಮುಚ್ಚಬೇಕಿಲ್ಲ. ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತರೆ ಸಾಕು, ಮೊಣಕಾಲೂರುವುದು ತಮಗೆ ಬಿಟ್ಟದ್ದು. ಕಾಣಿಕೆಯ ತಟ್ಟೆ ಬಂದಾಗ ಏನೂ ಹಾಕದೆ ಪಕ್ಕದವರಿಗೆ ದಾಟಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸದ ಪವಿತ್ರ ಸಂಸ್ಕಾರ ದೀಕ್ಷಾಸ್ನಾನ ಪಡೆದವರಿಗಾಗಿ ಇರುವಂಥದ್ದು. ತಾವು ಕುಳಿತಲ್ಲೇ ಇರಬಹುದು, ಇಲ್ಲವೆ ಮುಂದೆ ಹೋಗಿ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡರೆ ಪಾದ್ರಿ ಆಶೀರ್ವಾದ ಮಾತ್ರ ಮಾಡುತ್ತಾರೆ. ಮತಾಂತರಕ್ಕೆ ಒತ್ತಾಯಿಸುತ್ತಾರೆಯೇ ಎಂಬ ಸಂಕೋಚ ತಮ್ಮ ಪ್ರಶ್ನೆಯ ಹಿಂದೆ ಇದ್ದಂತಿದೆ, ಅದು ಸಹಜ. ನಾನು ಕಂಡ ಎಪಿಸ್ಕೋಪಲ್ ಸಭೆಗಳಲ್ಲಿ ತಾವಾಗಿ ಕೇಳದ ಹೊರತು ಯಾರೂ ಆ ಮಾತೆತ್ತುವುದಿಲ್ಲ. ಆದರೆ ಅಲ್ಲಿಯ ಪ್ರಾರ್ಥನೆಗಳೆಲ್ಲ ಯೇಸುವಿನ ಹೆಸರಿನಲ್ಲೇ ನಡೆಯುತ್ತವೆ, ತೋಟದ ಆಶೀರ್ವಾದವೂ ಹಾಗೆಯೇ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಆ ಹೊತ್ತಿಗೆ ದೂರ ನಿಲ್ಲುವ ಸ್ವಾತಂತ್ರ್ಯ ತಮಗಿದೆ. ಇದಕ್ಕಿಂತ ಬಹಳ ಮುಖ್ಯವಾದದ್ದು ಶನಿವಾರದ ಸಾಮೂಹಿಕ ಕೆಲಸದ ದಿನಗಳು. ಎಲ್ಲರೂ ಕೂಡಿ ದಾರಿಗೆ ಮರದ ಚಕ್ಕೆ ಹಾಸುವ, ಕಾಂಪೋಸ್ಟ್ ಮಗುಚುವ ಆ ಬೆಳಗುಗಳನ್ನು ಮಾತ್ರ ತಪ್ಪಿಸಬೇಡಿ.

ಏನು ಬೆಳೆಯಬೇಕೆಂಬುದಕ್ಕೆ ಬರುತ್ತೇನೆ. ವಾಷಿಂಗ್ಟನ್ ಸುತ್ತಮುತ್ತ ಕಡೆಯ ಹಿಮ ಏಪ್ರಿಲ್ ಮಧ್ಯದಿಂದ ಕೊನೆಯೊಳಗೆ ಮುಗಿಯುತ್ತದೆ. ಆದರೂ ಬದನೆ, ಮೆಣಸು, ಟೊಮೆಟೊ ಸಸಿಗಳನ್ನು ಮೇ 10ರ ಹೊತ್ತಿಗೆ ಹೊರಗೆ ನಡುವುದೇ ಕ್ಷೇಮ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬದನೆ, ಮೆಣಸನ್ನು ಲೆಂಟ್‌ನ ಮೊದಲ ವಾರಗಳಲ್ಲಿ, ಅಂದರೆ ಮಾರ್ಚ್ ಆರಂಭದೊಳಗೆ, ಮನೆಯೊಳಗೆ ದೀಪದ ಕೆಳಗೆ ಬಿತ್ತಬೇಕು. ಟೊಮೆಟೊ ಮಾರ್ಚ್ ಕೊನೆಯಲ್ಲಿ. ಬೆಂಡೆಗೆ ಮಣ್ಣು ಚೆನ್ನಾಗಿ ಬಿಸಿಯಾಗಬೇಕು, ಮೇ ಎರಡನೆಯ ಭಾಗದಲ್ಲಿ ನೇರವಾಗಿ ಊರಿ. ಚಪ್ಪರದವರೆಯ ಮೇಲೆ ನಮ್ಮವರಿಗೆಲ್ಲ ಮೋಹ. ಆದರೆ ಹಗಲು ಚಿಕ್ಕದಾದ ಮೇಲೆಯೇ ಹೂಬಿಡುವ ತಳಿಗಳು ಇಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಹಿಮ ಬಂದುಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಯಂತೆ ಹಗಲಿನ ಉದ್ದಕ್ಕೆ ಕಾಯದ ತಳಿ ಸಿಕ್ಕರೆ ಒಳ್ಳೆಯದು. ಊರಿನ ಬೀಜವನ್ನು ಅನುಮತಿಪತ್ರವಿಲ್ಲದೆ ಸೂಟ್‌ಕೇಸಿನಲ್ಲಿ ತರಬೇಡಿ. ಬಳ್ಳಿಗಳ ಚಪ್ಪರವನ್ನು ಪಾತಿಯ ಉತ್ತರದ ಅಂಚಿನಲ್ಲಿ ಹಾಕಿ. ಪುದೀನವನ್ನು ಕುಂಡದಲ್ಲೇ ಕಟ್ಟಿಹಾಕಿ.

ಬೆಳೆದದ್ದರಲ್ಲಿ ಒಂದು ಪಾಲು, ಅಗತ್ಯವಿರುವವರಿಗೆ ಉಚಿತವಾಗಿ ಆಹಾರ ಹಂಚುವ ಆಹಾರ ಭಂಡಾರಕ್ಕೆ ಹೋಗಬೇಕೆಂಬ ನಿಯಮ ತಮ್ಮ ತೋಟದಲ್ಲೂ ಇರಬಹುದು. ನಮ್ಮ ತರಕಾರಿಯನ್ನು ಅಲ್ಲಿ ಯಾರು ತಿನ್ನುತ್ತಾರೆಂದು ಹಿಂಜರಿಯಬೇಡಿ. ಬೆಂಡೆ ಅಮೆರಿಕದ ದಕ್ಷಿಣದವರಿಗೂ ಪಶ್ಚಿಮ ಆಫ್ರಿಕದವರಿಗೂ ಮನೆಯ ಅಡುಗೆ. ಹರಿವೆ ಸೊಪ್ಪನ್ನು ಜಮೈಕದವರು ಕಲಾಲೂ ಎಂದು ಹುಡುಕಿಕೊಂಡು ಬರುತ್ತಾರೆ. ಭಂಡಾರ ತೆರೆಯುವ ದಿನದ ಬೆಳಿಗ್ಗೆಯೇ ಕೊಯ್ದು, ಮಣ್ಣು ತೊಳೆದು, ಸೊಪ್ಪನ್ನು ಹಿಡಿಹಿಡಿಯಾಗಿ ಕಟ್ಟಿ, ಹೆಸರು ಬರೆದು ಕೊಡಿ; ತಾವು ಕೊಂಡು ತಿನ್ನಲಾರದ್ದನ್ನು ಅಲ್ಲಿಗೂ ಕೊಡಬೇಡಿ. ಸದುದ್ದೇಶದಿಂದ ಆಹಾರ ದಾನ ಮಾಡಿದವರನ್ನು ಮೊಕದ್ದಮೆಗಳಿಂದ ಕಾಪಾಡುವ ಕಾಯಿದೆ 1996ರಿಂದ ಇಡೀ ದೇಶದಲ್ಲಿ ಜಾರಿಯಲ್ಲಿರುವುದರಿಂದ ಆ ಭಯವೂ ಬೇಡ. ಜುಲೈ, ಆಗಸ್ಟ್‌ನಲ್ಲಿ ಸಭೆಯ ಅನೇಕರು ಊರಿನಲ್ಲಿರುವುದಿಲ್ಲ. ಆಗ ನೀರು ಹಾಕಲು ಒಬ್ಬರು ಸಿಕ್ಕರೂ ಅವರನ್ನು ಎಲ್ಲರೂ ನೆನೆಯುತ್ತಾರೆ. ತಮಗೆ ಬಿಡುವಿದ್ದರೆ ಆ ಸರದಿಗೆ ಹೆಸರು ಕೊಡಿ.

ಪ್ರಾಣಿಗಳ ಆಶೀರ್ವಾದ ಅಸಿಸಿಯ ಸಂತ ಫ್ರಾನ್ಸಿಸರ ದಿನವಾದ ಅಕ್ಟೋಬರ್ 4ರ ಸುತ್ತ ನಡೆಯುತ್ತದೆ. ಈ ವರ್ಷ ಅದು ಭಾನುವಾರವೇ ಬರುತ್ತದೆ, ಅವರು ತೀರಿಕೊಂಡು 800 ವರ್ಷ ತುಂಬುವುದೂ ಈಗಲೇ. ಆದ್ದರಿಂದ ಹಲವೆಡೆ ವಿಶೇಷವಾಗಿಯೇ ಆಚರಿಸಬಹುದು. ನಾಯಿಗೆ ಹಗ್ಗ, ಬೆಕ್ಕಿಗೆ ಬುಟ್ಟಿ ಇರಲಿ. ಊರಿನಲ್ಲಿರುವ ಹಸುವಿನ ಚಿತ್ರ ಹಿಡಿದು ಬಂದರೂ ಪಾದ್ರಿಗಳು ಸಂತೋಷದಿಂದ ಹರಸುತ್ತಾರೆ. ಅದರ ಬೆನ್ನಿಗೇ ಬೆಳ್ಳುಳ್ಳಿ ಊರುವ ಕಾಲ. ಅದು ಮರುವರ್ಷದ ಜೂನ್, ಜುಲೈವರೆಗೆ ನೆಲದಲ್ಲಿರುವ ಬೆಳೆಯಾದ್ದರಿಂದ, ಊರುವ ಮೊದಲೇ ಪಾತಿ ಮುಂದಿನ ವರ್ಷಕ್ಕೂ ಬೇಕೆಂದು ತೋಟ ನೋಡಿಕೊಳ್ಳುವವರಿಗೆ ಬರೆದು ತಿಳಿಸಿ.