ಪಿಕಪ್ಪಿನ ಇಂಜಿನ್ ಕೆಲಸ: ಲೇತಿಗೆ ಎಷ್ಟು ಕೊಡಬೇಕು?

ಪೆರ್ಲದ ಕಡೆಯಿಂದ ನೀವು ಕೇಳಿರುವುದು ಇಷ್ಟು: ನಿಮ್ಮ ಹಳೆಯ ಮಹೀಂದ್ರ ಪಿಕಪ್ಪು ನೀಲಿ ಹೊಗೆ ಬಿಡುತ್ತಿದೆ, ಆಯಿಲ್ ಕುಡಿಯುತ್ತಿದೆ, ಇಂಜಿನ್ ಇಳಿಸಲೇಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ. ಲೇತಿನ, ಅಂದರೆ ಸವೆದ ಇಂಜಿನ್ ಭಾಗಗಳನ್ನು ಕೊರೆದು ಅರೆದು ಅಳತೆಗೆ ತರುವ ವರ್ಕ್‌ಶಾಪಿನ, ಕೆಲಸಕ್ಕೆ ಕಾಸರಗೋಡಿನಲ್ಲಿ ಒಬ್ಬರು 4,800 ರೂಪಾಯಿ ಹೇಳಿದರೆ ಮಂಗಳೂರಿನಲ್ಲಿ ಇನ್ನೊಬ್ಬರು 9,500 ಹೇಳುತ್ತಿದ್ದಾರೆ. ಇವರಲ್ಲಿ ಮೋಸ ಮಾಡುತ್ತಿರುವವರು ಯಾರು?

ಬಹುಶಃ ಇಬ್ಬರೂ ಅಲ್ಲ. ಮಂಗಳೂರಿನ ಲೇತೊಂದರಲ್ಲಿ ಹನ್ನೊಂದು ವರ್ಷ ಬೋರಿಂಗ್ ಮೆಷಿನಿನ ಮುಂದೆ ನಿಂತು, ಈಗ ಕುಂಬಳೆಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವ ನನಗೆ ನಿಮ್ಮ ಪ್ರಶ್ನೆಯಲ್ಲಿ ಕಾಣುವ ತೊಡಕು ಬೇರೆ. ಇಂಜಿನ್ ಇನ್ನೂ ಬಿಚ್ಚಿಲ್ಲ, ಒಳಗೆ ಯಾರೂ ಗೇಜ್ ಇಟ್ಟು ನೋಡಿಲ್ಲ, ಆದರೂ ಎರಡು ಮೊತ್ತಗಳು ನಿಮ್ಮ ಕೈಗೆ ಬಂದಿವೆ. ಅಳತೆಗಿಂತ ಮೊದಲು ಹೇಳಿದ ಮೊತ್ತವು ಇಷ್ಟು ಕೆಲಸ ಇರಬಹುದೆಂಬ ಊಹೆಯ ಬೆಲೆ ಮಾತ್ರ, ಮತ್ತು ಆ ಇಬ್ಬರು ಊಹಿಸಿಕೊಂಡಿರುವ ಕೆಲಸ ಒಂದೇ ಅಲ್ಲ.

ಅಂಕಿಯಿಲ್ಲದ ಉತ್ತರದಿಂದ ನಿಮಗೆ ಉಪಯೋಗವಿಲ್ಲವೆಂದು ಗೊತ್ತಿರುವುದರಿಂದ, ಎರಡು ವರ್ಷದ ಹಿಂದೆ ನನ್ನ ಸ್ವಂತ ಪಿಕಪ್ಪಿಗೆ, ಅಂದರೆ ನೀವು ಬರೆದಿರುವ ಅದೇ 2,523 ಸಿಸಿಯ ನಾಲ್ಕು ಸಿಲಿಂಡರಿನ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಇಂಜಿನಿಗೆ, ನಾನು ಕೊಟ್ಟ ಹಣದ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಬೋರಿಂಗ್ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಯುವುದು) ಮತ್ತು ಹೋನಿಂಗ್ (ಕೊರೆದ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು) ಒಂದು ಬೋರಿಗೆ, ಅಂದರೆ ಒಂದು ಸಿಲಿಂಡರಿಗೆ, 600ರಂತೆ 2,400; ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕಿನ ಗ್ರೈಂಡಿಂಗ್ 2,800; ಹೆಡ್ (ವಾಲ್ವುಗಳಿರುವ ಮೇಲಿನ ಭಾಗ) ಪ್ರೆಶರ್ ಟೆಸ್ಟ್ 700, ಹೆಡ್ ಫೇಸಿಂಗ್ 800; ಎಂಟು ವಾಲ್ವುಗಳ ಸೀಟ್ ಕಟಿಂಗ್ 800, ವಾಲ್ವಿನ ಕಾಂಡ ಜಾರುವ ಗೈಡ್ ಬದಲಿಸಿದ್ದಕ್ಕೆ 640; ಕನೆಕ್ಟಿಂಗ್ ರಾಡಿನ ನಾಲ್ಕು ಬುಶ್‌ಗಳಿಗೆ 600; ತೊಳೆದದ್ದಕ್ಕೆ 500. ಒಟ್ಟು 9,240 ರೂಪಾಯಿ, ಶೇಕಡಾ 18ರ ಜಿಎಸ್‌ಟಿ ಸೇರಿ ಸುಮಾರು 10,900. ಪಿಸ್ಟನ್, ರಿಂಗ್, ಬೇರಿಂಗ್, ಪ್ಯಾಕಿಂಗ್ ಸೆಟ್, ವಾಲ್ವ್, ಆಯಿಲ್ ಇತ್ಯಾದಿಗಳಿಗೆ 32,000 ಹೋಯಿತು. ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕಿಗೆ 12,000 ಕೊಟ್ಟೆ. ಅಂದರೆ ಸುಮಾರು 55,000 ರೂಪಾಯಿಯ ಖರ್ಚಿನಲ್ಲಿ ಲೇತಿನ ಪಾಲು ಐದರಲ್ಲಿ ಒಂದು. ಇದು ಒಂದು ಇಂಜಿನಿನ ಒಂದು ಚೀಟಿ, ದರಪಟ್ಟಿಯಲ್ಲ. ಆದರೆ ಆ ಐದನೆಯ ಒಂದು ಪಾಲಿನ ಕೆಲಸ ಕೆಟ್ಟರೆ ಉಳಿದ ನಾಲ್ಕು ಪಾಲಿನ ಹಣವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಗುತ್ತದೆ. ಆದ್ದರಿಂದ ಸಾವಿರ ಎರಡು ಸಾವಿರ ಉಳಿಸಲು ಹುಡುಕಬೇಕಾದ ಜಾಗ ಲೇತು ಅಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಎರಡು ಮೊತ್ತಗಳನ್ನು ಈ ಚೀಟಿಯ ಪಕ್ಕದಲ್ಲಿ ಇಟ್ಟು ನೋಡಿ. ಬೋರಿಂಗ್ ಮತ್ತು ಕ್ರ್ಯಾಂಕ್ ಎರಡನ್ನೇ ಕೂಡಿಸಿದರೆ ನನ್ನ ಲೆಕ್ಕದಲ್ಲಿ 5,200 ಆಗುತ್ತದೆ. ಕಾಸರಗೋಡಿನವರು 4,800 ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಈ ಎರಡೇ ಕೆಲಸ ಇರಬೇಕು; ಮಂಗಳೂರಿನವರು ಹೆಡ್ಡು, ಬುಶ್ಶು, ತೊಳೆಯುವುದು ಎಲ್ಲವನ್ನೂ ಸೇರಿಸಿ ಹೇಳಿರಬೇಕು. ಫೋನಿನಲ್ಲಿ "ಇಂಜಿನ್ ಕೆಲಸಕ್ಕೆ ಎಷ್ಟು" ಎಂದು ಕೇಳಿದರೆ ಇಂಥದೇ ಉತ್ತರ ಬರುತ್ತದೆ. ಕೆಲಸವನ್ನು ಒಂದೊಂದಾಗಿ ಹೆಸರು ಹೇಳಿ, ಒಂದೊಂದಕ್ಕೂ ದರ ಬರೆಯಿಸಿಕೊಳ್ಳಿ. ಚೀಟಿ ಮಲಯಾಳದಲ್ಲಿದ್ದರೂ ಅಂಕಿಗಳು ಅವೇ ತಾನೆ.

ಇನ್ನು ಅಳತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಖರ್ಚು ತೀರ್ಮಾನವಾಗುವುದು ಅಲ್ಲಿಯೇ. ಈ ಇಂಜಿನಿನ ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ನಿನ ಓಟದ ದೂರ) 101.6 ಮಿಲಿಮೀಟರ್. ಈ ಅಂಕಿಗಳು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡರೂ ಇಂಚಿಗೆ ತಂದರೆ ಸರಿಯಾಗಿ ಮೂರೂವರೆ ಮತ್ತು ನಾಲ್ಕು. ಲೇತಿನ ಹಳಬರು ಇಂದಿಗೂ "ಟೆನ್ ಥೌ, ಟ್ವೆಂಟಿ ಥೌ" ಎಂದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಮಾತನಾಡುವುದು ಇಂಥ ಇಂಜಿನ್‌ಗಳ ಸಹವಾಸದಿಂದಲೇ. ಸಿಲಿಂಡರು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ತನ್ನ ಓಟದ ತುದಿಗೆ ತಲುಪಿ ಹಿಂದಿರುಗುವ ಜಾಗದಲ್ಲಿ ಉರಿಯುವ ಅನಿಲದ ಒತ್ತಡ ಅತಿ ಹೆಚ್ಚು, ಆಯಿಲ್ ಅತಿ ಕಡಿಮೆ. ಆದ್ದರಿಂದ ಸವೆತ ಅಲ್ಲಿ ಜಾಸ್ತಿ. ಅದಕ್ಕಿಂತ ಮೇಲೆ ರಿಂಗು ಮುಟ್ಟದ ಪಟ್ಟಿಯೊಂದು ಹಾಗೆಯೇ ಉಳಿದಿರುತ್ತದೆ. ಹೆಡ್ ತೆಗೆದ ದಿನ ಬೋರಿನ ಒಳಗೋಡೆಯ ಮೇಲ್ತುದಿಯಲ್ಲಿ ಉಗುರು ಆಡಿಸಿ ನೋಡಿ, ಸಣ್ಣ ಮೆಟ್ಟಿಲಿನಂತೆ ತಡೆಯುತ್ತದೆ. ಜೊತೆಗೆ ಕನೆಕ್ಟಿಂಗ್ ರಾಡು ಓರೆಯಾದಾಗಲೆಲ್ಲ ಪಿಸ್ಟನ್ನನ್ನು ಒಂದು ಬದಿಗೆ ಒತ್ತುವುದರಿಂದ ಗುಂಡಗಿದ್ದ ಬೋರು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆದ್ದರಿಂದ ಒಂದು ಬೋರನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಇಂಜಿನಿನ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ, ಆರು ಸಲ ಅಳೆಯಬೇಕು. ನಾಲ್ಕು ಬೋರಿಗೆ ಇಪ್ಪತ್ತನಾಲ್ಕು ಅಳತೆ. ಗೇಜನ್ನು ಒಮ್ಮೆ ಮಾತ್ರ ಇಳಿಸಿ "ಥರ್ಟಿ ಹೋಗ್ತದೆ" ಎಂದು ಹೇಳುವವರ ಬಳಿ ನಾನಾದರೆ ಬ್ಲಾಕ್ (ಸಿಲಿಂಡರುಗಳಿರುವ ಇಂಜಿನಿನ ಒಡಲು) ಬಿಟ್ಟು ಬರುವುದಿಲ್ಲ.

ಸವೆತ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿ ಹೊಸ ರಿಂಗ್ ಹಾಕಿದರೆ ಸಾಕಾಗಬಹುದು. ಆಗ ಪಿಸ್ಟನ್ನಿನ ಖರ್ಚೇ ಉಳಿಯುತ್ತದೆ. ಮಿತಿ ದಾಟಿದ್ದರೆ ಕಾಲು ಮಿಲಿಮೀಟರಿನ ಹೆಜ್ಜೆಯಲ್ಲಿ ಮುಂದಿನ ಓವರ್‌ಸೈಜಿಗೆ, ಅಂದರೆ ದೊಡ್ಡ ಬೋರು ಮತ್ತು ಅದಕ್ಕೊಪ್ಪುವ ದೊಡ್ಡ ಪಿಸ್ಟನ್ನಿಗೆ, ಹೋಗಬೇಕು. ಹಿಂದಿನ ಮಾಲೀಕರು ಈಗಾಗಲೇ ಕೊನೆಯ ಓವರ್‌ಸೈಜಿನವರೆಗೆ ಬೋರ್ ಮಾಡಿಸಿದ್ದರೆ ಸ್ಲೀವ್ (ಬೋರಿನೊಳಗೆ ಕೂರಿಸುವ ಕೊಳವೆ) ಹಾಕಿ ಸ್ಟ್ಯಾಂಡರ್ಡ್ ಅಳತೆಗೆ ತರುವುದೊಂದೇ ದಾರಿ. ಸ್ಲೀವಿಗಾಗಿ ಒಮ್ಮೆ, ಕೂರಿಸಿದ ಮೇಲೆ ಒಳಗಿನ ಅಳತೆಗಾಗಿ ಇನ್ನೊಮ್ಮೆ, ಹೀಗೆ ಎರಡು ಸಲ ಬೋರಿಂಗ್ ಆಗುವುದರಿಂದ ಆ ಸಾಲಿನ ಖರ್ಚು ಇಮ್ಮಡಿಯಾದರೆ ಆಶ್ಚರ್ಯಪಡಬೇಡಿ. ಹಳೆಯ ಪಿಸ್ಟನ್ನಿನ ತಲೆಯನ್ನು ಉಜ್ಜಿ ನೋಡಿದರೆ ಓವರ್‌ಸೈಜಿನ ಅಂಕಿ ಸಾಮಾನ್ಯವಾಗಿ ಅಲ್ಲಿಯೇ ಕೊರೆದಿರುತ್ತದೆ. ಬಿಚ್ಚಿದೊಡನೆ ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಊರುಗಳ ಪಿಕಪ್ಪುಗಳಲ್ಲಿ ಈ ಸವೆತಕ್ಕೆ ಓಡಿದ ಕಿಲೋಮೀಟರಿಗಿಂತ ಮುರಕಲ್ಲಿನ ಧೂಳು ದೊಡ್ಡ ಕಾರಣ ಎಂಬುದನ್ನು ನಾನು ಲೇತಿನಲ್ಲಿದ್ದಾಗಲೇ ಗಮನಿಸಿದ್ದೆ. ಕಲ್ಲಿನ ಕೋರೆಗೆ ಹೋಗಿಬರುವ ಗಾಡಿಯ ಏರ್ ಫಿಲ್ಟರಿನಿಂದ ಇಂಜಿನಿಗೆ ಬರುವ ರಬ್ಬರ್ ಹೋಸಿನಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ಆ ಕೆಂಪು ಧೂಳು ಸಾಣೆಪುಡಿಯಂತೆ ಒಳಗೆ ಹೋಗುತ್ತದೆ. ಹತ್ತು ಸಾವಿರದ ಲೇತಿನ ಕೆಲಸ ಮಾಡಿಸಿ ಹಳೆಯ ಹೋಸನ್ನೇ ಮತ್ತೆ ಸಿಕ್ಕಿಸಿದವರನ್ನು ನಾನು ಕಂಡಿದ್ದೇನೆ.

ಪಿಸ್ಟನ್ ಸೆಟ್ ಕೊಳ್ಳುವುದು ಅಳತೆ ಆದ ಮೇಲೆ, ಬೋರಿಂಗಿಗೆ ಮೊದಲು. ಈ ಕ್ರಮ ತಪ್ಪುವುದೇ ಹೆಚ್ಚು. ಮೊದಲೇ ಕೊಂಡರೆ ಸೈಜು ತಪ್ಪುತ್ತದೆ. ಕೊಳ್ಳದೆಯೇ ಬೋರ್ ಮಾಡಿಸಿದರೆ ಲೇತಿನವರು ಪುಸ್ತಕದ ಅಳತೆಗೆ ಕೊರೆಯುತ್ತಾರೆ, ಕೈಗೆ ಬಂದ ಪಿಸ್ಟನ್ನು ಅದೇ ಅಳತೆಯಲ್ಲಿ ಇರಬೇಕೆಂದಿಲ್ಲ. ಸರಿಯಾದ ಲೇತಿನಲ್ಲಿ ನಾಲ್ಕೂ ಪಿಸ್ಟನ್‌ಗಳನ್ನು ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರಿನಿಂದ ಅಳೆದು, ಯಾವ ಬೋರಿಗೆ ಯಾವುದು ಎಂದು ತಲೆಯ ಮೇಲೆ ನಂಬರ್ ಹಾಕಿ, ಅದಕ್ಕೆ ಬೇಕಾದ ಸಂದನ್ನು ಕೂಡಿಸಿ, ಹೋನಿಂಗಿಗೆಂದು ಸ್ವಲ್ಪ ಲೋಹ ಉಳಿಸಿ ಬೋರ್ ಮಾಡುತ್ತಾರೆ. ಹೋನಿಂಗ್ ಆದ ಗೋಡೆಯ ಮೇಲೆ ಎರಡು ದಿಕ್ಕಿನಿಂದ ಬಂದು ಒಂದನ್ನೊಂದು ಕತ್ತರಿಸುವ ನವಿರಾದ ಗೀರುಗಳು ಕಾಣಬೇಕು. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಕನ್ನಡಿಯಂತೆ ಹೊಳೆಯುವ ಬೋರನ್ನು ನೋಡಿ ಸಂತೋಷಪಡಬೇಡಿ.

ಕ್ರ್ಯಾಂಕಿನ ದರದಲ್ಲಿ ಲೇತಿನಿಂದ ಲೇತಿಗೆ ಕಾಣುವ ವ್ಯತ್ಯಾಸಕ್ಕೆ ಕಾರಣವೊಂದಿದೆ. ಬೇರಿಂಗ್ ಕೂರುವ ಜರ್ನಲ್ಲು ಅದರ ಪಕ್ಕದ ಗೋಡೆಯನ್ನು ಸೇರುವ ಮೂಲೆ ಚೂಪಾಗಿರಬಾರದು, ಗುಂಡಗೆ ತಿರುಗಿರಬೇಕು. ಆ ತಿರುವನ್ನು ಉಳಿಸಬೇಕಾದರೆ ಗ್ರೈಂಡಿಂಗ್ ಕಲ್ಲನ್ನು ಮತ್ತೆ ಮತ್ತೆ ಆಕಾರಕ್ಕೆ ತರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಅವಸರದಲ್ಲಿ ಮೂಲೆ ಚೂಪಾದರೆ ಕ್ರ್ಯಾಂಕು ಮುಂದೊಂದು ದಿನ ಸೀಳುವುದು ಅಲ್ಲಿಂದಲೇ. ಆಯಿಲ್ ತೂತುಗಳ ಬಾಯಿಯನ್ನು ನಯಗೊಳಿಸಿ, ಜರ್ನಲ್‌ಗಳಿಗೆ ಪಾಲಿಶ್ ಮಾಡುವುದೂ ದರದಲ್ಲಿ ಸೇರಿದೆಯೇ ಎಂದು ಕೇಳಿ.

ಇಲ್ಲಿ ನನ್ನ ಭಾವನ ಜೀಪಿನ ಕಥೆ ಹೇಳದೆ ಮುಂದೆ ಹೋಗಲಾರೆ. 2020ರ ಮಾರ್ಚಿನಲ್ಲಿ ಅವರ ಕ್ರ್ಯಾಂಕು ಮಂಗಳೂರಿನ ಲೇತೊಂದರಲ್ಲಿ ಗ್ರೈಂಡಿಂಗ್ ಮುಗಿದು ಬೆಂಚಿನ ಮೇಲಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿತು. ಆಸ್ಪತ್ರೆಗೆ ಹೋಗುವವರನ್ನೇ ಬಿಡದಿದ್ದ ದಿನಗಳಲ್ಲಿ ಕ್ರ್ಯಾಂಕಿನ ಮಾತು ಎತ್ತುವಂತಿರಲಿಲ್ಲ. ಮಳೆಗಾಲ ಹಿಡಿದ ಮೇಲೆ ಅದು ಕೈಗೆ ಬಂದಾಗ, ಯಾರೂ ಆಯಿಲ್ ಹಚ್ಚಿಡದ ಕಾರಣ, ಹೊಸದಾಗಿ ಅರೆದ ಜರ್ನಲ್‌ಗಳ ಮೇಲೆ ತುಕ್ಕಿನ ಚುಕ್ಕೆಗಳು ಬಿದ್ದಿದ್ದವು. ಬೆರಳಿಗೆ ಮರಳಿನಂತೆ ತಾಗುತ್ತಿದ್ದವು. ಕಾಲು ಮಿಲಿಮೀಟರ್ ಅಂಡರ್‌ಸೈಜಿಗೆ, ಅಂದರೆ ಜರ್ನಲ್ಲನ್ನು ಅಷ್ಟು ಕಿರಿದಾಗಿಸುವುದರಲ್ಲಿ, ಮುಗಿಯಬೇಕಾಗಿದ್ದ ಕೆಲಸ ಅರ್ಧ ಮಿಲಿಮೀಟರಿಗೆ ಹೋಯಿತು. ಗ್ರೈಂಡಿಂಗ್ ಎರಡು ಸಲ, ಮೊದಲೇ ಕೊಂಡಿಟ್ಟಿದ್ದ ಬೇರಿಂಗ್ ಸೆಟ್ಟನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಡಿ ಮುಚ್ಚದಿದ್ದರೂ ಕರಾವಳಿಯ ಗಾಳಿಯಲ್ಲಿ ಒಂದು ವಾರ ಸಾಕು. ಕ್ರ್ಯಾಂಕು ಬಂದ ದಿನವೇ ಆಯಿಲ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಇಡಿ.

ಹೆಡ್ಡಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಪ್ರೆಶರ್ ಟೆಸ್ಟ್ ಮೊದಲು, ಉಳಿದದ್ದು ಆಮೇಲೆ; ಸೀಟ್ ಕತ್ತರಿಸಿ, ಫೇಸಿಂಗ್ ಮಾಡಿ, ಕೊನೆಗೆ ವಾಲ್ವುಗಳ ನಡುವೆ ಬಿರುಕು ಕಂಡರೆ ಅಷ್ಟೂ ಹಣ ವ್ಯರ್ಥ. ಫೇಸಿಂಗಿನಲ್ಲಿ ಸಮತಟ್ಟಾಗುವಷ್ಟು ಮಾತ್ರ ತೆಗೆಯಲು ಹೇಳಿ. ಡೀಸೆಲ್ ಇಂಜಿನಿನಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ ಬಹಳ ಕಡಿಮೆ.

ಮಂಗಳೂರೋ ಕಾಸರಗೋಡೋ ಎಂಬುದಕ್ಕೆ ನನ್ನ ಉತ್ತರ: ಎಲ್ಲಿ ನಿಮ್ಮ ಎದುರಿಗೇ ಅಳೆದು ಅಂಕಿ ಬರೆದುಕೊಡುತ್ತಾರೋ ಅಲ್ಲಿ. ಎರಡು ಪಟ್ಟಣಗಳ ನಡುವೆ ಐವತ್ತು ಕಿಲೋಮೀಟರ್ ಇದೆ, ಬ್ಲಾಕು ಹೊರಲು ಇಬ್ಬರು ಬೇಕು, ಅಳತೆಗೊಮ್ಮೆ ತರಲೊಮ್ಮೆ ಎಂದು ಬಾಡಿಗೆ ಗಾಡಿ ಎರಡು ಸಲ ಓಡಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಸರಗೋಡಿನವರು ಒಂದೊಂದು ಕೆಲಸದ ದರ ಬರೆದುಕೊಟ್ಟು, ಪಿಸ್ಟನ್ ನೋಡಿದ ಮೇಲೆಯೇ ಬೋರ್ ಮಾಡುತ್ತೇವೆಂದರೆ ನಾನು ಅಲ್ಲಿಗೇ ಕೊಡುತ್ತಿದ್ದೆ. ಅದಕ್ಕೂ ಮೊದಲು, ಇಂಜಿನ್ ಇಳಿಸುವ ಮುನ್ನವೇ, ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಕಂಪ್ರೆಶನ್ ಟೆಸ್ಟ್ ಮಾಡಿಸಿ. ಮುಚ್ಚಳದಿಂದ ಹೊಗೆ ಒತ್ತಿಕೊಂಡು ಬಾರದೆ, ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಸರಿಯಾಗಿದ್ದರೆ, ಆಯಿಲ್ ಹೋಗುತ್ತಿರುವುದು ವಾಲ್ವ್ ಗೈಡಿನಿಂದ ಇರಬಹುದು. ಆಗ ಹೆಡ್ಡಿನ ಕೆಲಸದಲ್ಲೇ ಮುಗಿಯುತ್ತದೆ.

ಬ್ಲಾಕು ಮರಳಿ ಬಂದ ಮೇಲೆ ಒಂದು ಕೆಲಸ ನೀವೇ ನಿಂತು ಮಾಡಿಸಿ. ಹೋನಿಂಗಿನ ಕಲ್ಲಿನ ಪುಡಿ ಆ ಗೀರುಗಳಲ್ಲಿ ಕುಳಿತಿರುತ್ತದೆ, ಸೀಮೆಎಣ್ಣೆಗೋ ಡೀಸೆಲಿಗೋ ಅದು ಪೂರ್ತಿ ಬಿಡುವುದಿಲ್ಲ. ಬಿಸಿನೀರಿಗೆ ಸಾಬೂನು ಹಾಕಿ ಬ್ರಶ್ಶಿನಿಂದ ಉಜ್ಜಿಸಿ, ಒಣಗಿಸಿ, ಕೂಡಲೇ ಆಯಿಲ್ ಹಚ್ಚಿ, ಹಳೆಯ ಬಿಳಿ ಪಂಚೆಯ ತುಂಡಿನಿಂದ ಬೋರಿನ ಒಳಗೆ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೊಮ್ಮೆ ತೊಳೆಯಿಸಿ. ಬಟ್ಟೆಯಲ್ಲಿ ಆಯಿಲ್ ಬಿಟ್ಟು ಬೇರೇನೂ ಕಾಣದಿರುವವರೆಗೆ ರಿಂಗ್ ಕೂರಿಸಲು ಬಿಡಬೇಡಿ.